ತಳದ ಮುದ್ರೆಯೂ ಹೆಣ್ಣಿನ ಪಾಲೂ

ಮನೆತನದ ಹಳೆಯ ಸಾಮಾನುಗಳ ವಿಷಯದಲ್ಲಿ ನಮ್ಮಲ್ಲಿ ಎರಡೇ ಮಾತು ಚಾಲ್ತಿಯಲ್ಲಿವೆ. ಒಂದು, "ಅಯ್ಯೋ, ಅದು ಹಳೇ ಹಿತ್ತಾಳೆ, ಗುಜರಿಗೆ ಹಾಕಿ." ಇನ್ನೊಂದು, "ಅಬ್ಬಾ, ಅದು ಐನೂರು ವರ್ಷದ್ದು, ಲಕ್ಷಗಟ್ಟಲೆ ಬಾಳುತ್ತದೆ." ಈ ಎರಡು ಮಾತುಗಳನ್ನೂ ಆಡುವವರು ಸಾಮಾನ್ಯವಾಗಿ ಆ ಸಾಮಾನನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದು ತೊಳೆದವರಲ್ಲ. ನಲವತ್ತು ವರ್ಷ ತೊಳೆದು, ಒರೆಸಿ, ಅಟ್ಟಕ್ಕೇರಿಸಿ, ಹಬ್ಬಕ್ಕೆ ಇಳಿಸಿದವಳು ಒಳಗೆ ಕಾಫಿ ಸೋಸುತ್ತಿರುತ್ತಾಳೆ. ಅವಳನ್ನು ಯಾರೂ ಕೇಳುವುದಿಲ್ಲ. ಅವಳೂ ತನ್ನನ್ನು ಕೇಳಬೇಕು ಎಂದುಕೊಳ್ಳುವುದಿಲ್ಲ. ಈ ಲೇಖನದಲ್ಲಿ ನನ್ನ ಜಗಳ ಇರುವುದು ಈ ಪದ್ಧತಿಯ ಜೊತೆಗೆ.

ಉಳಿದ ಸಾಮಾನುಗಳ ಮಾತು ಬಿಡಿ, ನಾನಿಲ್ಲಿ ಹೇಳಹೊರಟಿರುವುದು ಚೀನಾದ ಲೋಹದ ಸಾಮಾನುಗಳ ಬಗ್ಗೆ. "ನಮ್ಮ ಊರಿನಲ್ಲಿ ಚೀನಾದ ಪಾತ್ರೆ ಎಲ್ಲಿಂದ ಬರಬೇಕು ಟೀಚರ್?" ಎಂದು ಹುಬ್ಬೇರಿಸಬೇಡಿ. ಹೊಟ್ಟೆಪಾಡಿಗಾಗಿ ಕರಾವಳಿಯಿಂದ ರಂಗೂನು, ಪೆನಾಂಗ್, ಸಿಂಗಾಪುರಗಳಿಗೆ ಹಡಗು ಹತ್ತಿದವರು ಕಡಿಮೆಯೇನಲ್ಲ. ನನ್ನ ಅತ್ತೆಯವರ ತಂದೆ ಸಿಂಗಾಪುರದಲ್ಲಿ ಗುಮಾಸ್ತರಾಗಿದ್ದವರು. ಬರುವಾಗ ಟ್ರಂಕಿನಲ್ಲಿ ಬಟ್ಟೆಯ ನಡುವೆ ಏನಾದರೊಂದು ಸುತ್ತಿ ತರುತ್ತಿದ್ದರಂತೆ. ಇನ್ನು ಸೈನ್ಯದ ದಾರಿ. ಬೆಂಗಳೂರಿನಲ್ಲಿ ನೆಲೆ ಮಾಡಿಕೊಂಡಿದ್ದ ಮದ್ರಾಸ್ ಸ್ಯಾಪರ್ಸ್ ಪಡೆ 1860ರಲ್ಲೂ 1900ರಲ್ಲೂ ಬ್ರಿಟಿಷರ ಜೊತೆ ಚೀನಾದ ಯುದ್ಧಕ್ಕೆ ಹೋಗಿತ್ತು. ಹೀಗೆ ಬಂದ ಧೂಪದ ಪಾತ್ರೆಯೋ, ಹೂದಾನಿಯೋ, ಬೆಳ್ಳಿಯ ಡಬ್ಬಿಯೋ ಕೆಲವು ಮನೆಗಳ ಅಟ್ಟದಲ್ಲಿ ಇಂದೂ ಇವೆ. ಇದ್ದೂ ಇಲ್ಲದಂತಿವೆ.

ನನ್ನ ಸಿಟ್ಟಿಗೆ ಕಾರಣವಾದ ಎರಡು ಸಂಗತಿಗಳನ್ನು ಹೇಳುತ್ತೇನೆ. ಹೆಸರು ಬೇಡ, ಊರೂ ಬೇಡ.

ನಮ್ಮ ಬಳಗದ ಒಂದು ಮನೆಯಲ್ಲಿ ಪಾಲು ನಡೆಯಿತು. ಅಣ್ಣಂದಿರಿಗೆ ತೋಟ, ಮನೆ. ತಂಗಿಗೆ ಒಂದಿಷ್ಟು ನಗದು, ಜೊತೆಗೆ ಅಜ್ಜನ ಕಾಲದ ಚೀನಾ ಧೂಪದ ಪಾತ್ರೆ. ಮೂರು ಕಾಲು, ಎರಡು ಕಿವಿ, ಕಂದು ಬಣ್ಣ, ತಳದಲ್ಲಿ ಆರು ಚೀನೀ ಅಕ್ಷರ. ಯಾರೋ ಒಬ್ಬ ತಿಳಿದವರು ಪುಸ್ತಕ ತೆಗೆದು ಆ ಅಕ್ಷರಗಳನ್ನು ಹೋಲಿಸಿ ನೋಡಿ, "ಇದು ಮಿಂಗ್ ವಂಶದ ಶುವಾನ್‌ದೆ ಚಕ್ರವರ್ತಿಯ ಕಾಲದ್ದು, 1430ರ ಸುಮಾರಿನದು" ಎಂದುಬಿಟ್ಟರು. ಅಲ್ಲಿಗೆ ಅಣ್ಣಂದಿರ ಲೆಕ್ಕ ಸರಿಹೋಯಿತು. "ನಮಗಿಂತ ನಿನಗೇ ಹೆಚ್ಚು ಬಂತು ಕಣೇ" ಎಂದರು. ಅವಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದಳು. ಕೆಲವು ವರ್ಷಗಳ ನಂತರ ಗಂಡನ ಆಪರೇಶನ್ನಿಗೆಂದು ಅದನ್ನು ಮಾರಲು ಹೊರಟಾಗ ತಿಳಿಯಿತು, ಅದು ಕಳೆದ ಶತಮಾನದ ಮೊದಲ ಭಾಗದ ಸಾಮಾನು ಎಂದು. ಒಂದು ಒಳ್ಳೆಯ ಮಿಕ್ಸಿ ಬರುವಷ್ಟು ಬೆಲೆ.

ಎರಡನೆಯದು ಇದಕ್ಕೆ ತಿರುಗುಮುರುಗು. ನನ್ನ ಸಹೋದ್ಯೋಗಿಯೊಬ್ಬರ ತಾಯಿ ಒಂದು ಡಬ್ಬಿಯಲ್ಲಿ ಎಲೆಯಡಿಕೆ ಇಟ್ಟುಕೊಳ್ಳುತ್ತಿದ್ದರು. ಅಂಗೈ ಮೇಲೆ ಕೂರುವಷ್ಟು ದೊಡ್ಡದು, ಮೇಲೆ ಹಿಡಿ, ಮುಚ್ಚಳದ ತುಂಬ ಜಾಲರಿಯಂತೆ ಕೊರೆದ ತೂತುಗಳು. ಬೆಳ್ಳಿಯಂತೆ ಕಂಡರೂ ಬೆಳ್ಳಿಯಲ್ಲ, ಒಂದು ಬಗೆಯ ಮಾಸಲು ಹಳದಿ ಛಾಯೆ. ನಾನದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಎಲೆಯಡಿಕೆ ಡಬ್ಬಿಗೆ ತೂತಿನ ಮುಚ್ಚಳ ಯಾಕೆ ಬೇಕು ಎಂದು ಯಾರೂ ಯೋಚಿಸಿರಲಿಲ್ಲ. ಚೀನಾದ ಚಳಿಗಾಲದಲ್ಲಿ ಒಳಗೆ ಕೆಂಡವಿಟ್ಟು, ಕೈ ಬೆಚ್ಚಗೆ ಮಾಡಿಕೊಳ್ಳಲು ಮಡಿಲಲ್ಲಿ ಇಟ್ಟುಕೊಳ್ಳುವ ಡಬ್ಬಿಯ ಲಕ್ಷಣಗಳೆಲ್ಲ ಅದಕ್ಕಿದ್ದವು. ಆ ತಾಯಿ ತೀರಿಕೊಂಡ ಮೇಲೆ ಸೊಸೆ ಅದನ್ನು "ಜರ್ಮನ್ ಸಿಲ್ವರ್" ಎಂದು ತೂಕಕ್ಕೆ ಹಾಕಿ ಎರಡು ಸ್ಟೀಲ್ ಡಬ್ಬಿ ತೆಗೆದುಕೊಂಡಳು. ಪಾಪ, ಅವಳನ್ನೇನು ಅನ್ನುವುದು? ಅವಳಿಗೆ ಹೇಳಿದವರು ಯಾರು?

ಒಂದು ಕಡೆ ಹೊಸದನ್ನು ಹಳೆಯದೆಂದು ನಂಬಿಸಿ ಹೆಣ್ಣಿನ ಪಾಲನ್ನು ನುಂಗಿದರು. ಇನ್ನೊಂದು ಕಡೆ ಹಳೆಯದು ಹಳೆಯದೆಂದು ತಿಳಿಯದೆ ಕರಗಿಹೋಯಿತು. ಎರಡಕ್ಕೂ ಬೇರು ಒಂದೇ. ಕಾಲ ನಿರ್ಣಯ ಎನ್ನುವುದು ಗಂಡಸರ, ವ್ಯಾಪಾರಿಗಳ, ಪುಸ್ತಕದವರ ಕೆಲಸ, ನಮ್ಮದು ಉಜ್ಜುವ ಕೆಲಸ ಎಂದು ನಾವೂ ಒಪ್ಪಿಕೊಂಡಿದ್ದೇವೆ. ನಾನು ಹೇಳುವುದು, ಇದು ನಮ್ಮ ಕೈಲಾಗುವ ಕೆಲಸ, ಮತ್ತು ನಾವೇ ಮಾಡಬೇಕಾದ ಕೆಲಸ.

ಮೊದಲು ಆ ತಳದ ಮುದ್ರೆಯ ಗುಟ್ಟನ್ನು ಒಡೆಯೋಣ. ಚೀನಾದಲ್ಲಿ ಚಕ್ರವರ್ತಿಯ ಆಳ್ವಿಕೆಗೆ ಒಂದು ಹೆಸರು ಕೊಟ್ಟು, ಆ ಹೆಸರಿನಲ್ಲಿ ವರ್ಷ ಎಣಿಸುತ್ತಿದ್ದರು. ಆರಕ್ಷರದ ಮುದ್ರೆಯನ್ನು ಮೇಲಿನಿಂದ ಕೆಳಕ್ಕೆ, ಬಲದಿಂದ ಎಡಕ್ಕೆ ಓದಬೇಕು. "ಮಹಾ ಮಿಂಗ್, ಶುವಾನ್‌ದೆ ವರ್ಷಗಳಲ್ಲಿ ಮಾಡಿದ್ದು" ಎಂಬಂತೆ ಅದರ ಅರ್ಥ. ಶುವಾನ್‌ದೆ ಆಳಿದ್ದು 1425ರಿಂದ 1435ರವರೆಗೆ, ಹತ್ತೇ ವರ್ಷ. 1428ರಲ್ಲಿ ಸಯಾಮಿನಿಂದ ಕಾಣಿಕೆಯಾಗಿ ಬಂದ ಲೋಹದಿಂದ ಆತ ಪೂಜೆಯ ಪಾತ್ರೆಗಳನ್ನು ಸಾವಿರಗಟ್ಟಲೆ ಎರಕ ಹೊಯ್ಯಿಸಿದ ಎಂದು ಕಥೆ. ಆ ಕಥೆ ಹೇಳುವ ಗ್ರಂಥವೇ ಆಮೇಲಿನ ಕಾಲದ ಕಟ್ಟುಕಥೆ ಎಂದು ವಿದ್ವಾಂಸರು ಸಂಶಯಪಟ್ಟಿದ್ದಾರೆ. ಮುದ್ರೆ ಇರುವ ಪಾತ್ರೆಗಳೋ ಲೆಕ್ಕವಿಲ್ಲದಷ್ಟು. ಮಿಂಗ್ ವಂಶದ ಕೊನೆಗಾಲದಲ್ಲಿ, 1644ರಿಂದ 1911ರವರೆಗಿನ ಚಿಂಗ್ ವಂಶದ ಕಾಲದಲ್ಲಿ, ಅದಾದ ಮೇಲೆ 20ನೇ ಶತಮಾನದಲ್ಲಿ ಕೂಡ, ಅದೇ ಆರಕ್ಷರವನ್ನು ಹಾಕುತ್ತಲೇ ಹೋದರು. ಜಪಾನಿನ ಎರಕದವರೂ ಹಾಕಿದರು. ಆ ಚಕ್ರವರ್ತಿಯ ಕಾಲದ್ದೇ ಎಂದು ಎಲ್ಲರೂ ಒಪ್ಪುವ ಒಂದು ಧೂಪದ ಪಾತ್ರೆಯನ್ನು ತೋರಿಸುವುದು ದೊಡ್ಡ ಮ್ಯೂಸಿಯಂಗಳಿಗೇ ಕಷ್ಟವಾಗಿರುವಾಗ, ನಮ್ಮ ಅಜ್ಜ ಸಿಂಗಾಪುರದ ಪೇಟೆಯಲ್ಲಿ ಕೊಂಡದ್ದು 1430ರದ್ದು ಎಂದು ಪಾಲುಪತ್ರದಲ್ಲಿ ಬರೆಸುವವರ ಧೈರ್ಯ ನೋಡಿ!

ಇದೊಂದೇ ಅಲ್ಲ. ತಾಮ್ರದ ಮೇಲೆ ತೆಳುವಾದ ಲೋಹದ ಎಳೆಗಳಿಂದ ಹೂಬಳ್ಳಿ ಕಟ್ಟಿ, ನಡುನಡುವೆ ಬಣ್ಣದ ಗಾಜಿನ ಪುಡಿ ತುಂಬಿ ಸುಡುವ ಮೀನಾಕಾರಿ ಕೆಲಸವನ್ನು ನೀವು ನೋಡಿರಬಹುದು. ಚೀನಾದಲ್ಲಿ ಅದಕ್ಕೆ "ಜಿಂಗ್‌ತಾಯ್ ನೀಲಿ" ಎಂದೇ ಹೆಸರು. ಜಿಂಗ್‌ತಾಯ್ ಚಕ್ರವರ್ತಿ ಆಳಿದ್ದು 1450ರಿಂದ 1457ರವರೆಗೆ. ಆದರೆ ಆ ಕೆಲಸ ಅವನಿಗಿಂತ ಮೊದಲೇ ಪಶ್ಚಿಮದ ದೇಶಗಳಿಂದ ಚೀನಾಕ್ಕೆ ಬಂದಿತ್ತು. 1388ರ ಒಂದು ಚೀನೀ ಪುಸ್ತಕದಲ್ಲಿ ಅದು "ಮುಸಲ್ಮಾನರ ನಾಡಿನ ಸಾಮಾನು" ಎಂದು ಉಲ್ಲೇಖವಾಗಿದೆ. ಜಿಂಗ್‌ತಾಯ್ ಹೆಸರಿಗೆ ಕೀರ್ತಿ ಬಂದ ಮೇಲೆ ಎಲ್ಲರೂ ಆ ಮುದ್ರೆಯನ್ನೇ ಒತ್ತಿದರು. ಕುಶಲಕರ್ಮಿಗಳ ಹೆಸರಿನ ಗತಿಯೂ ಅಷ್ಟೆ. ಮಿಂಗ್ ಕಾಲದ ಕೊನೆಯಲ್ಲಿದ್ದ ಹು ವೆನ್‌ಮಿಂಗ್ ಧೂಪದ ಪಾತ್ರೆಗೂ, ಝಾಂಗ್ ಮಿಂಗ್‌ಚಿ ಕೈ ಬೆಚ್ಚಗಿಡುವ ಡಬ್ಬಿಗೂ ಹೆಸರಾದವರು. ಕಂಚಿನ ಮೇಲೆ ಬೆಳ್ಳಿಯ ತಂತಿ ಕೂರಿಸುವುದಕ್ಕೆ ಶೀಸೋ ಎಂಬ ಸನ್ಯಾಸಿ ಹೆಸರಾದವನು. ನಮ್ಮ ಬೀದರಿನ ಬಿದರಿ ಕೆಲಸವನ್ನು ನೋಡಿದವರಿಗೆ ಆ ಬೆಳ್ಳಿ ತಂತಿಯ ಚೆಲುವು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಮೂವರ ಮುದ್ರೆಯೂ ಅವರು ಸತ್ತ ಮೇಲೆ ನೂರಾರು ವರ್ಷ ಬದುಕಿತು.

ಹಾಗಾದರೆ ಅವೆಲ್ಲ ಮೋಸವೇ? ಇಲ್ಲಿ ನಮ್ಮವರು ಅವಸರಪಟ್ಟು ಇನ್ನೊಂದು ಅನ್ಯಾಯ ಮಾಡುತ್ತಾರೆ. "ನಕಲಿ" ಎಂದು ಮೂಲೆಗೆ ಎಸೆಯುತ್ತಾರೆ. ಚೀನಾದವರಿಗೆ ಹಳೆಯದನ್ನು ಅನುಸರಿಸುವುದು ಗೌರವದ ಕೆಲಸ. ಸುಮಾರು ಸಾವಿರ ವರ್ಷಗಳ ಹಿಂದೆ, ಸಾಂಗ್ ವಂಶದ ಕಾಲದಲ್ಲಿಯೇ, ಅವರು ಪ್ರಾಚೀನ ಕಂಚಿನ ಪಾತ್ರೆಗಳ ಚಿತ್ರ ಬರೆಸಿ ಪಟ್ಟಿ ಮಾಡಿದ್ದರು. 1092ರ ಅಂಥ ಒಂದು ಪುಸ್ತಕ ಪ್ರಸಿದ್ಧವಾಗಿದೆ. ಆ ಚಿತ್ರಗಳನ್ನು ನೋಡಿ ಹೊಸ ಪಾತ್ರೆ ಎರಕ ಹೊಯ್ದು ಪಿತೃಗಳ ಪೂಜೆಗೆ ಇಡುತ್ತಿದ್ದರು. ನಮ್ಮ ಅಕ್ಕಸಾಲಿಗ ಅಜ್ಜಿಯ ಕಾಸಿನ ಸರದ ಮಾದರಿಯಲ್ಲಿ ಮೊಮ್ಮಗಳಿಗೆ ಸರ ಮಾಡಿಕೊಟ್ಟರೆ ಅದನ್ನು ಮೋಸ ಎನ್ನುತ್ತೇವೆಯೇ? ಮಾಡಿದವನು ಮೋಸ ಮಾಡಬೇಕೆಂದೇನೂ ಇಲ್ಲ. "ಇದು ಅಜ್ಜಿಯದೇ" ಎಂದು ಹೇಳಿ ಹಣ ಎಣಿಸಿಕೊಂಡವನು ಮೋಸಗಾರ. ಆ ತಂಗಿಯ ಧೂಪದ ಪಾತ್ರೆ ಸುಳ್ಳು ಹೇಳಿರಲಿಲ್ಲ. ಅದರ ಪರವಾಗಿ ಮಾತನಾಡಿದವರು ಹೇಳಿದರು.

ಆದ್ದರಿಂದ ನನ್ನ ಮೊದಲ ಸೂತ್ರ ಇದು. ಮುದ್ರೆಯನ್ನು ಕೊನೆಯಲ್ಲಿ ನೋಡಿ. ಮುದ್ರೆ ಹೇಳುವ ಕಾಲಕ್ಕಿಂತ ಪಾತ್ರೆ ಹಿಂದಿನದಾಗಿರಲಾರದು, ಮುಂದಿನದು ಎಷ್ಟಾದರೂ ಆಗಿರಬಹುದು. ಎರಡನೆಯ ಸೂತ್ರ, ಚಕ್ರವರ್ತಿಯ ಹೆಸರಿಗಿಂತ ಅಂಗಡಿಯ ಹೆಸರು, ಊರಿನ ಹೆಸರು, ಇಂಗ್ಲಿಷ್ ಅಕ್ಷರ ಹೆಚ್ಚು ನಿಜ ನುಡಿಯುತ್ತವೆ. ಬಡವರ ಸಾಕ್ಷಿಯ ಹಾಗೆ, ಅವುಗಳನ್ನು ಕೇಳುವವರು ಕಡಿಮೆ, ಅಷ್ಟೆ. ಹೇಗೆಂದು ನೋಡಿ.

ಅಮೆರಿಕ ದೇಶ 1890ರಲ್ಲಿ ಒಂದು ಸುಂಕದ ಕಾಯಿದೆ ಮಾಡಿ, 1891ರಿಂದ ಹೊರಗಿನಿಂದ ಬರುವ ಸಾಮಾನಿನ ಮೇಲೆ ಅದು ತಯಾರಾದ ದೇಶದ ಹೆಸರನ್ನು ಇಂಗ್ಲಿಷಿನಲ್ಲಿ ಹಾಕಬೇಕೆಂದು ವಿಧಿಸಿತು. ನಿಮ್ಮ ಹೂದಾನಿಯ ತಳದಲ್ಲಿ ಇಂಗ್ಲಿಷಿನಲ್ಲಿ "ಚೈನಾ" ಎಂದಿದ್ದರೆ, ಪಕ್ಕದಲ್ಲಿ ಯಾವ ಚಕ್ರವರ್ತಿಯ ಹೆಸರಿದ್ದರೂ ಸರಿ, ಅದು ಸಾಮಾನ್ಯವಾಗಿ ಆ ಕಾನೂನಿನ ನಂತರದ್ದು. ಇಲ್ಲದಿದ್ದರೆ ಹಳೆಯದು ಎಂದು ಮಾತ್ರ ಹಾರಬೇಡಿ. ಅಮೆರಿಕಕ್ಕೆ ಹೋಗದ ಸಾಮಾನಿಗೆ ಆ ಮುದ್ರೆಯ ಹಂಗೇ ಇರಲಿಲ್ಲ. ಇನ್ನು ಊರಿನ ಹೆಸರು. 1842ರವರೆಗೆ ಪಾಶ್ಚಾತ್ಯ ವರ್ತಕರ ಹಡಗು ವ್ಯಾಪಾರಕ್ಕೆ ಚೀನಾ ತೆರೆದಿಟ್ಟಿದ್ದ ಬಂದರು ಕ್ಯಾಂಟನ್ ಒಂದೇ. ಯುದ್ಧದಲ್ಲಿ ಸೋತು ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಶಾಂಘಾಯ್ ಮುಂತಾದ ಬಂದರುಗಳು ತೆರೆದವು. ಹಾಗಾಗಿ ಶಾಂಘಾಯ್ ಅಂಗಡಿಯ ಹೆಸರು ಇಂಗ್ಲಿಷಿನಲ್ಲಿ ಇರುವ ಬೆಳ್ಳಿಯ ತಟ್ಟೆ 1842ಕ್ಕೆ ಹಿಂದಿನದಲ್ಲ. ಸ್ವಾಟೋ ಎಂಬ ಬಂದರಿನಿಂದ ತವರದ ಮಿಶ್ರಲೋಹವಾದ ಪ್ಯೂಟರಿನ ಚಹಾದಾನಿಗಳು ಹೇರಳವಾಗಿ ಹೊರಗೆ ಹೋದವು. ಆ ಬಂದರು ವಿದೇಶೀಯರಿಗೆ ತೆರೆದದ್ದು 1860ರಲ್ಲಿ. ಅದೇ ಊರಿನ ಕಡೆಯಿಂದ ವಲಸೆ ಬಂದ ಯೋಂಗ್ ಕೂನ್ ಎಂಬಾತ 1885ರಲ್ಲಿ ಕ್ವಾಲಾಲಂಪುರದಲ್ಲಿ ಶುರು ಮಾಡಿದ ಪ್ಯೂಟರ್ ಕಸುಬು ಇಂದು ಮಲೇಶಿಯಾದ ಹೆಸರಾಂತ ರಾಯಲ್ ಸೆಲಂಗೋರ್ ಆಗಿದೆ. ಯಾವ ಇತಿಹಾಸದ ಟೀಚರಿಗೂ ಬರುವ ಇಸವಿಗಳು ಇವು. ಪಾತ್ರೆಯ ತಳಕ್ಕೆ ಹಚ್ಚಿ ನೋಡಬೇಕು, ಅಷ್ಟೆ.

ಬೆಳ್ಳಿಯ ವಿಷಯದಲ್ಲಿ ಇನ್ನೊಂದು ತಮಾಷೆ ಇದೆ. ಕ್ಯಾಂಟನ್ನಿನ ಅಕ್ಕಸಾಲಿಗರು 19ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ಬೆಳ್ಳಿಯ ಮುದ್ರೆಗಳನ್ನೇ ನೋಡಿ ಒತ್ತುತ್ತಿದ್ದರು, ಸಿಂಹ, ಕಿರೀಟ ಎಲ್ಲ ಸೇರಿಸಿ. ಅದನ್ನು ನಂಬಿ ಇಂಗ್ಲೆಂಡಿನ ಬೆಳ್ಳಿ ಎಂದು ಜೋಪಾನ ಮಾಡಿಟ್ಟವರಿದ್ದಾರೆ. ಆಮೇಲಿನ ಕಾಲದಲ್ಲಿ ಅಂಗಡಿಯ ಹೆಸರಿನ ಇಂಗ್ಲಿಷ್ ಅಕ್ಷರ, ಕೆಲಸಗಾರನ ಚೀನೀ ಮುದ್ರೆ, ಕೆಲವೊಮ್ಮೆ 90 ಎಂಬ ಅಂಕಿ ಬಂದವು. 90 ಎಂದರೆ ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ. ವಾಂಗ್ ಹಿಂಗ್ ಎಂಬ ಹೆಸರಾದ ಅಂಗಡಿಯ ಸಾಮಾನಿನ ಮೇಲೆ ಅದರ ಎರಡು ಮೊದಲಕ್ಷರಗಳ ಜೊತೆ ಈ 90 ಕಾಣುತ್ತದೆ. ಮಗುವಿನ ಕೊರಳಿಗೆ ಕಟ್ಟುವ ಬೀಗದಾಕಾರದ ಬೆಳ್ಳಿ ಪದಕವೂ ಚೀನಾದಲ್ಲಿ ಉಂಟು. ಮೃತ್ಯು ಬಾರದಿರಲಿ, ಪ್ರಾಣಕ್ಕೆ ಬೀಗ ಬೀಳಲಿ ಎಂಬ ಹರಕೆ. ನೂರು ವರ್ಷ ಬಾಳು ಎಂದು ಅದರ ಮೇಲೆ ಬರೆದಿರುತ್ತದೆ. ನಮ್ಮ ತಾಯಂದಿರು ಕಟ್ಟುವ ತಾಯಿತದ ತಂಗಿ ಅದು. ಅದರ ಮೇಲೆ ಚಕ್ರವರ್ತಿಯ ಹೆಸರಿಲ್ಲವೆಂದು ಅದಕ್ಕೆ ಚರಿತ್ರೆಯಿಲ್ಲವೇ?

ಈಗ ಆ ಜರ್ಮನ್ ಸಿಲ್ವರಿನ ಕಥೆ. ನಮ್ಮ ಅಜ್ಜಿಯರು ಬೆಳ್ಳಿ ಕೊಳ್ಳಲಾಗದಿದ್ದಾಗ ಜರ್ಮನ್ ಸಿಲ್ವರಿನ ಪಂಚಪಾತ್ರೆ, ಹರಿವಾಣ ತರುತ್ತಿದ್ದರು. ಕೆಲವು ಕಡೆ ಅಲ್ಯುಮಿನಿಯಂ ಪಾತ್ರೆಗೂ ಜರ್ಮನ್ ಪಾತ್ರೆ ಎಂದೇ ಹೆಸರು. ಜರ್ಮನಿಗೂ ಈ ಲೋಹಕ್ಕೂ ಏನು ಸಂಬಂಧ? ತಾಮ್ರ, ಸತು, ನಿಕ್ಕಲ್ ಬೆರೆತ ಬಿಳಿಯ ಲೋಹವನ್ನು ಚೀನಾದವರು ಶತಮಾನಗಳಿಂದ ಮಾಡುತ್ತಿದ್ದರು. "ಬಿಳಿ ತಾಮ್ರ" ಎಂದು ಅದರ ಹೆಸರು, ಕ್ಯಾಂಟನ್ನಿನ ಬಾಯಲ್ಲಿ ಪಾಕ್‌ತುಂಗ್. ನಿಕ್ಕಲ್ ಎಂಬುದು ಬೇರೆಯೇ ಒಂದು ಲೋಹ ಎಂದು ಯೂರೋಪಿನವರಿಗೆ ತಿಳಿದದ್ದು 1751ರಲ್ಲಿ. ಚೀನಾದ ಕುಶಲಕರ್ಮಿಗೆ ಅದರ ಹೆಸರು ಗೊತ್ತಿರಲಿಲ್ಲ, ಆದರೆ ಅದನ್ನು ಬಳಸುವುದು ಚೆನ್ನಾಗಿ ಗೊತ್ತಿತ್ತು. 18ನೇ ಶತಮಾನದಲ್ಲಿ ಇದು ಹಡಗೇರಿ ಇಂಗ್ಲೆಂಡಿಗೆ ಹೋಗಿ ಶ್ರೀಮಂತರ ಮನೆಯ ಮೇಣದಬತ್ತಿ ಕಂಬವಾಯಿತು. 1822ರಲ್ಲಿ ಎಡಿನ್‌ಬರೋದಲ್ಲಿ ಫೈಫ್ ಎಂಬ ರಸಾಯನಶಾಸ್ತ್ರಜ್ಞ ಅದರ ಅಂಶಗಳನ್ನು ಪರೀಕ್ಷಿಸಿ ಪ್ರಕಟಿಸಿದ. ಒಂದೆರಡು ವರ್ಷಗಳಲ್ಲಿ ಜರ್ಮನಿಯವರು ತಾವೇ ತಯಾರಿಸತೊಡಗಿದರು. ಹೆಸರು ಜರ್ಮನ್ ಸಿಲ್ವರ್ ಆಯಿತು. ಬೆಳ್ಳಿ ಅದರಲ್ಲಿ ಎಳ್ಳಷ್ಟೂ ಇಲ್ಲ. ಅಡುಗೆ ಮಾಡಿದವಳು ಒಬ್ಬಳು, ಬಡಿಸಿ ಹೆಸರು ತೆಗೆದುಕೊಂಡವಳು ಇನ್ನೊಬ್ಬಳು ಎನ್ನುವುದು ನಮಗೇನು ಹೊಸದೇ! ಆ ಎಲೆಯಡಿಕೆ ಡಬ್ಬಿ ತೂಕಕ್ಕೆ ಹೋದದ್ದು ಈ ಹೆಸರಿನ ದೆಸೆಯಿಂದ.

ಪಾತ್ರೆಯನ್ನು ಓದುವುದು ಹೇಗೆ? ಇದಕ್ಕೆ ಬೇಕಾದದ್ದು ಹಗಲಿನ ಬೆಳಕು, ಮಗನ ಭೂತಕನ್ನಡಿ, ಒಂದು ಅಯಸ್ಕಾಂತದ ತುಂಡು, ಮತ್ತು ತಾಳ್ಮೆ. ಅಯಸ್ಕಾಂತ ಕಚ್ಚಿಕೊಂಡರೆ ಒಳಗೆ ಕಬ್ಬಿಣವಿದೆ, ಮೇಲೆ ಬರೀ ಲೇಪ. ಪಾತ್ರೆಯನ್ನು ಕವುಚಿ ತಳ ನೋಡಿ. ಗ್ರಾಮಫೋನ್ ತಟ್ಟೆಯ ಹಾಗೆ ಒಂದೇ ಸಮನೆ ಸುತ್ತು ಗೆರೆಗಳಿದ್ದರೆ ಯಂತ್ರದ ಲೇತಿನ ಕೆಲಸವಿರಬಹುದೇ ಎಂದು ಸಂಶಯಪಡಿ. ಮರೆ ಸೇರಿಸಿದ ಕಡೆ ಯಂತ್ರದಲ್ಲಿ ಕೊರೆದ ಸ್ಕ್ರೂ ಇದೆಯೇ ನೋಡಿ. ಇದ್ದರೆ ಅದು ಮೊದಲಿನಿಂದ ಇದ್ದದ್ದೋ, ರಿಪೇರಿಗೆ ಹಾಕಿದ್ದೋ ಎಂದು ಯೋಚಿಸಿ. ಚಿನ್ನದ ಗಿಲೀಟು ಮಾಡಿದ್ದರೆ, ಪಾದರಸದಲ್ಲಿ ಬೆರೆಸಿ ಬಳಿದು ಸುಟ್ಟ ಹಳೆಯ ಗಿಲೀಟು ದಪ್ಪವಾಗಿ, ಹದವಾಗಿ ಕಾಣುತ್ತದೆ. ವಿದ್ಯುತ್ತಿನಿಂದ ಹಾಕಿದ್ದು ತೆಳುವಾಗಿ, ಸಂದುಗೊಂದಿನಲ್ಲೆಲ್ಲ ಒಂದೇ ಸಮನಾಗಿ ಇರುತ್ತದೆ. ವಿದ್ಯುತ್ ಗಿಲೀಟು 19ನೇ ಶತಮಾನದ ಕೂಸು.

ಆಮೇಲೆ ಸವೆತ. ಇದನ್ನು ಓದುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಒಂದು ಚೊಂಬು ಎಲ್ಲಿ ಸವೆಯುತ್ತದೆ, ಸೌಟಿನ ಯಾವ ಅಂಚು ತೆಳುವಾಗುತ್ತದೆ ಎಂದು ನಮಗೆ ಯಾವ ವಿಶ್ವವಿದ್ಯಾಲಯ ಕಲಿಸಿತು? ಧೂಪದ ಪಾತ್ರೆಯಾದರೆ ಕಾಲಿನ ತುದಿ, ಎತ್ತುವ ಕಿವಿ, ಹೊಟ್ಟೆಯ ಉಬ್ಬು ಸವೆಯಬೇಕು. ಒಳಗೆ ಬೂದಿಯ, ಬಿಸಿಯ ಗುರುತಿರಬೇಕು. ಕೈ ತಾಗದ ಮೂಲೆಯೂ ಹೊಟ್ಟೆಯಷ್ಟೇ ಸವೆದಿದ್ದರೆ ಯಾರೋ ಬೇಕೆಂದೇ ಉಜ್ಜಿ ಹಳೆಯದು ಮಾಡಿದ್ದಾರೆ. ಹಸಿರು ಕಿಲುಬು ಲೋಹದೊಳಗಿಂದ ಹುಟ್ಟಿ ಗಟ್ಟಿಯಾಗಿ ಅಂಟಿಕೊಂಡಿದೆಯೇ, ಬಣ್ಣದಂತೆ ಮೇಲೆ ಕೂತು ಉಗುರಿಗೆ ಏಳುತ್ತದೆಯೇ? ಇದನ್ನೆಲ್ಲ ನೋಡಿ ಬರೆದಿಟ್ಟ ಮೇಲೆ ಪ್ರಯೋಗಶಾಲೆಯ ಮಾತು. ಕ್ಷಕಿರಣದ ಪರೀಕ್ಷೆಯಿಂದ ಲೋಹದಲ್ಲಿ ಏನೇನು ಬೆರೆತಿದೆ ಎಂದು ತಿಳಿಯುತ್ತದೆ. ಎರಕದ ಒಳಗೆ ಸುಟ್ಟ ಮಣ್ಣಿನ ಅಚ್ಚು ಉಳಿದಿದ್ದರೆ ಆ ಮಣ್ಣಿನಿಂದ ಕಾಲವನ್ನು ಅಂದಾಜು ಮಾಡುವ ವಿಧಾನವೂ ಇದೆ. ನೆನಪಿಡಿ, ಬೆಲೆಬಾಳುವ ಸಾಕ್ಷಿ ಒಳಗಿನ ಆ ಕೊಳೆಯಂಥ ಮಣ್ಣು.

ಇಲ್ಲಿಗೆ ಬಂದಾಗ ಹುಣಸೆಹಣ್ಣಿನ ಮಾತು ಎತ್ತಲೇಬೇಕು. ನಮ್ಮ ದೀಪ, ತಂಬಿಗೆ, ಕೊಡ ಥಳಥಳ ಹೊಳೆಯಲಿ, ಅದಕ್ಕೆ ನನ್ನ ತಕರಾರಿಲ್ಲ. ಅವು ದಿನವೂ ಉಜ್ಜಿಸಿಕೊಳ್ಳಲೆಂದೇ ಹುಟ್ಟಿದವು. ಆದರೆ ಚೀನಾದ ಧೂಪದ ಪಾತ್ರೆಯ ಬೆಲೆಯೇ ಅದರ ಮೈಬಣ್ಣ. ಅಲ್ಲಿನ ರಸಿಕರು ವರ್ಷಗಟ್ಟಲೆ ಒಳಗೆ ಸಣ್ಣ ಬೆಂಕಿಯಿಟ್ಟು, ಕೈಯಿಂದ ಸವರಿ ಆ ಬಣ್ಣವನ್ನು ಸಾಕುತ್ತಿದ್ದರು. ನಾವು ಒಂದು ಭಾನುವಾರ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಅದನ್ನು ಹೊಸ ಹಿತ್ತಾಳೆ ಮಾಡುತ್ತೇವೆ. ಮೀನಾಕಾರಿ ಕೆಲಸಕ್ಕೂ ಹುಳಿ ಆಗದು, ಗಿಲೀಟಿಗೂ ಆಗದು. ಒಣ ಮೆತ್ತನೆ ಬಟ್ಟೆ, ಹಳೆಯ ಮೃದುವಾದ ಬ್ರಶ್ಶು ಸಾಕು. ಹಳೆಯ ಪ್ಯೂಟರಿನಲ್ಲಿ ಸೀಸ ಇರುವ ಸಂಭವವಿರುವುದರಿಂದ ಅದರಲ್ಲಿ ಮಜ್ಜಿಗೆ, ಸಾರು ಹಾಕಿಡಬೇಡಿ, ಮಕ್ಕಳಿಗೆ ಚಹಾ ಕೊಡಬೇಡಿ. ಅದು ನೋಡುವುದಕ್ಕಿರಲಿ. ಉಜ್ಜಿದವರನ್ನು ನಾನು ಬೈಯುತ್ತಿಲ್ಲ. "ಹೊಳೆಯದ ಪಾತ್ರೆ ಸೋಮಾರಿ ಸೊಸೆಯ ಗುರುತು" ಎಂದು ಅವರಿಗೆ ಹೇಳಿಕೊಟ್ಟವರನ್ನು ಬೈಯುತ್ತಿದ್ದೇನೆ.

ಇಷ್ಟೆಲ್ಲಕ್ಕಿಂತ ದೊಡ್ಡ ಸಾಕ್ಷಿ ಒಂದಿದೆ. ಅದು ಮಾತು. ಯಾರು ತಂದರು, ಎಲ್ಲಿಂದ, ಯಾವಾಗ? 2018ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ ಒಂದು ಚೀನೀ ಕಂಚಿನ ಪಾತ್ರೆ ಹರಾಜಿಗೆ ಬಂತು. ಹುಲಿಯ ಬೊಂಬೆಗಳಿದ್ದ, ಸುಮಾರು ಮೂರು ಸಾವಿರ ವರ್ಷ ಹಳೆಯ ನೀರಿನ ಪಾತ್ರೆ. ಅದರ ಜೊತೆ ಆ ಮನೆತನದ ಹಿರಿಯನೊಬ್ಬ, ಬ್ರಿಟಿಷ್ ಸೇನೆಯ ಅಧಿಕಾರಿ, 1860ರಲ್ಲಿ ಬೀಜಿಂಗಿನ ಬೇಸಿಗೆ ಅರಮನೆಯ ಲೂಟಿಯ ಬಗ್ಗೆ ಬರೆದ ಪತ್ರಗಳೂ ಇದ್ದವು. 4,10,000 ಪೌಂಡಿಗೆ ಅದು ಹೋಯಿತು. ಕೊಂಡವರು ಅದೇ ವರ್ಷ ಅದನ್ನು ಚೀನಾಕ್ಕೆ ಮರಳಿಸಿದರು. ಪತ್ರಗಳಿಲ್ಲದಿದ್ದರೆ ಅದು ಎಲ್ಲಿಂದ ಬಂದದ್ದೆಂದು ಪಾತ್ರೆಯೊಂದೇ ಹೇಳುತ್ತಿತ್ತೇ? ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. 1901ರಲ್ಲಿ ಬ್ರಿಟಿಷ್ ಇಂಡಿಯಾದ ಸೈನ್ಯ ಬೀಜಿಂಗಿನ ಸ್ವರ್ಗ ದೇವಾಲಯದಿಂದ ಹೊತ್ತು ತಂದಿದ್ದ ಗಂಟೆಯನ್ನು 1995ರಲ್ಲಿ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಶಂಕರ್ ರಾಯ್‌ಚೌಧುರಿ ಚೀನಾಕ್ಕೆ ಹಿಂದಿರುಗಿಸಿದರು. ತಲೆ ಎತ್ತಿ ಮಾಡಬಹುದಾದ ಕೆಲಸ. ಆದರೆ ಎಲ್ಲಿಂದ ಬಂತು ಎಂಬ ನೆನಪು ಉಳಿದಿದ್ದರಿಂದ ತಾನೇ ಹಿಂದಿರುಗಿಸಲು ಸಾಧ್ಯವಾದದ್ದು?

ನಮ್ಮ ಮನೆಗಳಲ್ಲಿ ಆ ನೆನಪು ಇರುವುದು ಹೆಂಗಸರ ಬಾಯಲ್ಲಿ. ನನ್ನ ಅತ್ತೆಗೆ ಕಣ್ಣು ಮಂಜಾಗಿದ್ದರೂ, "ಇದು ಅಪ್ಪ ಎರಡನೇ ಸಲ ಬಂದಾಗ ತಂದದ್ದು, ಆಗ ನನ್ನ ತಂಗಿ ತೊಟ್ಟಿಲಲ್ಲಿದ್ದಳು" ಎಂದು ಹೂದಾನಿಯನ್ನು ಸವರಿ ಹೇಳುತ್ತಿದ್ದರು. ಆ ತಂಗಿಯ ಹುಟ್ಟಿದ ವರ್ಷ 1934. ಅಲ್ಲಿಗೆ ಆ ಹೂದಾನಿ 1935ಕ್ಕಿಂತ ಈಚಿನದಲ್ಲವೆಂದು ಒಂದು ಗಡಿ ಸಿಕ್ಕಿತು. ಯಾವ ತಜ್ಞರೂ ತಳ ನೋಡಿ ಇಷ್ಟು ಖಚಿತವಾಗಿ ಹೇಳಲಾರರು. "ಹೆಂಗಸರ ಹರಟೆ" ಎಂದು ತಳ್ಳಿಹಾಕುವ ಮಾತು ಹರಾಜಿನ ಕಟ್ಟೆಗೆ ಹೋದರೆ "ವಸ್ತುವಿನ ಪೂರ್ವಚರಿತ್ರೆ" ಎಂದು ಗೌರವ ಪಡೆಯುತ್ತದೆ!

"ಇದನ್ನೆಲ್ಲ ತಜ್ಞರು ನೋಡಿಕೊಳ್ಳಲಿ, ನಮಗೇಕೆ?" ಎನ್ನುವವರಿದ್ದಾರೆ. ತಜ್ಞರನ್ನು ಬೇಡ ಎಂದವರು ಯಾರು? ಡಾಕ್ಟರ ಹತ್ತಿರ ಹೋದಾಗ ಜ್ವರ ಯಾವತ್ತಿನಿಂದ ಎಂದು ಹೇಳಬೇಕಾದವಳು ತಾಯಿಯೇ ತಾನೆ. "ಚೀನಾ ಮಾಲು ತಾನೆ, ಇವತ್ತು ಕೊಂಡರೆ ನಾಳೆ ಕೆಡುತ್ತದೆ" ಎಂದು ನಗುವವರಿಗೂ ಉತ್ತರವಿದೆ. ಪೇಟೆಯ ಪ್ಲಾಸ್ಟಿಕ್ ಆಟಿಕೆಯಿಂದ ಒಂದು ನಾಗರಿಕತೆಯ ಕೈಚಳಕವನ್ನು ಅಳೆಯುವುದು ಅಂದರೆ ಬಸ್‌ಸ್ಟ್ಯಾಂಡಿನ ಬಳೆ ನೋಡಿ ಬಿದರಿ ಕೆಲಸಕ್ಕೆ ಬೆಲೆ ಕಟ್ಟಿದ ಹಾಗೆ. ಹೈದರಾಬಾದಿಗೆ ಹೋದಾಗ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಚೀನಾ, ಜಪಾನಿನ ಸಾಮಾನುಗಳನ್ನು ನಿಂತು ನೋಡಿ ಬನ್ನಿ.

ಇನ್ನು ಪಾಲಿನ ಮಾತು. ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಮಾಡಿತು. ಅದರಲ್ಲಿ ಆಗಲೇ ಮದುವೆಯಾಗಿದ್ದವರಿಗೆ ಪಾಲಿರಲಿಲ್ಲ. 2005ರಲ್ಲಿ ಇಡೀ ದೇಶಕ್ಕೆ ಕೇಂದ್ರದ ಕಾನೂನು ಬಂತು. ಮಗಳಿಗೆ ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಕಾನೂನು ಇಷ್ಟು ದೂರ ನಡೆದು ಬಂದಿರುವಾಗ, ನಾವು ಪಾತ್ರೆಯ ತಳದ ಆರಕ್ಷರ ನೋಡಿ ತೋಟದ ಹಕ್ಕು ಬಿಡುವುದೇ? ಪ್ರಾಚೀನ ವಸ್ತುಗಳ ಬಗ್ಗೆ 1972ರ ಕಾಯಿದೆಯೂ ಒಂದಿದೆ. ನೂರು ವರ್ಷ ದಾಟಿದ ಇಂಥ ಕಲಾವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ, ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ನಡೆಸುವಂತಿಲ್ಲ. "ಫಾರಿನ್ನಿನಲ್ಲಿ ಮಾರಿದರೆ ಕೋಟಿ ಬರುತ್ತದೆ" ಎಂದು ಪಾಲಿನ ದಿನ ಹೇಳುವ ಅಣ್ಣ ಈ ಕಾಯಿದೆಯ ಮಾತು ಎತ್ತುವುದೇ ಇಲ್ಲ.

ಆದ್ದರಿಂದ, ಅಕ್ಕತಂಗಿಯರೇ, ನಿಮ್ಮ ಪಾಲಿಗೆಂದು ಯಾರಾದರೂ ಹಳೆಯ ಸಾಮಾನನ್ನು ಮುಂದಿಟ್ಟರೆ, ಬೆಲೆಯನ್ನು ಕಾಗದದ ಮೇಲೆ ಬರೆಸಿ. ಆ ಬೆಲೆ ಕಟ್ಟಿದವರು ಪಾಲಿನಲ್ಲಿ ಲಾಭವಿಲ್ಲದ ಮೂರನೆಯವರಾಗಿರಲಿ. "ಅಷ್ಟು ಬಾಳುವುದಾದರೆ ಅದನ್ನು ನೀವೇ ಇಟ್ಟುಕೊಳ್ಳಿ ಅಣ್ಣ, ಆ ಹಣ ನನಗೆ ಕೊಡಿ" ಎಂದು ನಗುನಗುತ್ತಲೇ ಹೇಳಿ ನೋಡಿ. ಐನೂರು ವರ್ಷದ ಪಾತ್ರೆ ಒಂದೇ ನಿಮಿಷದಲ್ಲಿ ಎಷ್ಟು ಚಿಕ್ಕ ವಯಸ್ಸಿನದಾಗುತ್ತದೆ ಎಂದು ಗೊತ್ತಾಗುತ್ತದೆ. ಅದಕ್ಕಿಂತ ಮೊದಲು, ಅಜ್ಜಿಯೋ ಅತ್ತೆಯೋ ಬದುಕಿರುವಾಗಲೇ ಅವರ ಪಕ್ಕ ಕೂತು ಕೇಳಿ ಬರೆದುಕೊಳ್ಳಿ. ತಂದವರ ಹೆಸರು, ಊರು, ಯಾವ ಮಗು ಹುಟ್ಟಿದ ವರ್ಷ, ಯಾವ ಮದುವೆಗೆ ಮುಂಚೆ, ಜೋಡಿಯಿದ್ದರೆ ಇನ್ನೊಂದು ಯಾರ ಮನೆಗೆ ಹೋಯಿತು. ಚೀನಾದ ಪೂಜೆಯ ಜೋಡಣೆಯಲ್ಲಿ ಒಂದು ಧೂಪದ ಪಾತ್ರೆ, ಎರಡು ದೀಪದ ಕಂಬ, ಎರಡು ಹೂದಾನಿ, ಹೀಗೆ ಐದು ಇರುತ್ತವೆ. ನಿಮ್ಮ ಮನೆಯ ಒಂಟಿ ಹೂದಾನಿಯ ಒಡಹುಟ್ಟುಗಳು ದೊಡ್ಡಮ್ಮನ ಮನೆಯ ಅಟ್ಟದಲ್ಲಿರಬಹುದು. ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ, ತಳದ್ದೂ ಸೇರಿ. ಬರೆದ ಚೀಟಿಯನ್ನು ಒಂದು ಲಕೋಟೆಗೆ ಹಾಕಿ ಪಾತ್ರೆಯೊಳಗೇ ಇಡಿ, ಇನ್ನೊಂದು ಪ್ರತಿ ನಿಮ್ಮ ಹತ್ತಿರವಿರಲಿ. ಚೀಟಿಯ ಕೆಳಗೆ ದಿನಾಂಕ ಹಾಕಿ ನಿಮ್ಮ ಹೆಸರು ಬರೆಯುವುದನ್ನು ಮರೆಯಬೇಡಿ. ಹಕ್ಕು ಬಿಡುವ ಪತ್ರಕ್ಕೆ ಸಹಿ ಹಾಕುವ ಕೈ, ಹಕ್ಕು ತಿಳಿಯುವ ಕಾಗದಕ್ಕೂ ಸಹಿ ಹಾಕಲಿ.